ಆಮೇಲೆ ಬಾ ಅಂದ ಸರ್ವರ್

"ಹಲೋ... ಯಾರು ಮಾತಾಡ್ತಿರೋದು?... ಯಾರು?... ಹಾಂ, ಲಿಫ್ಟ್ ಮಾಸ್ತರ್ ನಾನೇ. ನೀವು ಯಾರು ಅಂತ ಕೇಳಿದ್ದು..."

"ಕನ್ನಡಕದ ಅಂಗಡಿನಾ? ಯಾವ ಕನ್ನಡಕದ ಅಂಗಡಿ?... ಓ."

ಮಾಸ್ತರು ಫೋನನ್ನು ಕಿವಿಯಿಂದ ತೆಗೆದು ಒಂದು ಗಳಿಗೆ ನೋಡಿದರು, ಅದರೊಳಗೆ ಅವನ ಮುಖ ಕಂಡೀತೇನೋ ಅನ್ನುವ ಹಾಗೆ. ಮಗಳನ್ನು ಮದುವೆಯಾಗುತ್ತೇನೆ ಅಂದವನು ಇವನೇ. "ಬಾಯಿಮಾತು ಯಾರು ಬೇಕಾದರೂ ಆಡುತ್ತಾರೆ. ನನಗೆ ನಾಲ್ಕು ಸಾಲು ಬರೆದು ಮೇಲ್ ಮಾಡಲಿ, ಆಮೇಲೆ ನೋಡೋಣ" ಎಂದು ಮಾಸ್ತರು ಮಗಳ ಕೈಲಿ ಹೇಳಿಸಿದ್ದರು. ಬರೆದಿದ್ದಾರೆ ಎಂದು ಮಗಳು ಬಂದು ಹೇಳಿದಳು. ಬಂದಿಲ್ಲ ಎಂದು ಇವರು ಹೇಳಿದರು. ಮತ್ತೆ ಬರೆದಿದ್ದಾರೆ ಅಂದಳು. ಮತ್ತೆ ಬಂದಿಲ್ಲ ಅಂದರು. ಅಷ್ಟಕ್ಕೇ ಸುಮ್ಮನಿರದೆ, "ನನ್ನ ಸರ್ವರ್ ಸುಳ್ಳು ಹೇಳಲ್ಲ" ಎಂದೂ ಸೇರಿಸಿದರು. ಅವತ್ತಿನಿಂದ ಮಗಳು ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಊಟದ ತಟ್ಟೆ ಮುಂದಿಟ್ಟು ಹೋಗುತ್ತಿದ್ದಳು, ಅಷ್ಟೇ.

"ಹೇಳಿ... ಇಲ್ಲ, ತೊಂದರೆ ಏನಿಲ್ಲ, ಮನೇಲೇ ಇದ್ದೀನಿ... ಏನಂದ್ರಿ?... ಇಲ್ಲ ಅನ್ನೋದನ್ನ ನನ್ನ ಬಾಯಿಂದಲೇ ಒಂದು ಸಲ ಕೇಳಿಬಿಟ್ಟು ಸುಮ್ಮನಾಗ್ತೀರಾ?... ನಾನೆಲ್ಲಿ ಇಲ್ಲ ಅಂದೆ? ನೀವು ಕೇಳಿದ್ರೆ ತಾನೇ ಇಲ್ಲ ಅನ್ನೋದು?"

"ಬರೆದಿದ್ದೀರಾ... ಎರಡು ಸಲವೂ ವಾಪಸ್ ಬಂತಾ... ನಾನು ಬೇಕು ಅಂತಲೇ ಬಾಗಿಲು ಹಾಕಿದ್ದೀನಾ? ನೋಡಿ, ನನಗೆ ಬಾಗಿಲು ಹಾಕಬೇಕಿದ್ರೆ ಎದುರಿಗೆ ನಿಂತು ದಡಾರ್ ಅಂತ ಹಾಕ್ತೀನಿ. ಕಳ್ಳತನದಲ್ಲಿ ಅಗುಳಿ ಹಾಕೋ ಜನ ಅಲ್ಲ ನಾವು."

"ಇರಿ, ಇರಿ, ಇಡಬೇಡಿ. ವಾಪಸ್ ಬಂದಿದ್ರಲ್ಲಿ ಏನು ಬರೆದಿದೆ? ಅದನ್ನ ಓದಿ... ಅರ್ಥ ಆಗದಿದ್ರೂ ಪರವಾಗಿಲ್ಲ, ಇದ್ದ ಹಾಗೇ ಓದಿ."

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅವರು ಮೆಟ್ಟಿಲ ಕೆಳಗಿನ ಗೂಡಿಗೆ ಹೋದರು. ಅಲ್ಲಿ ಬಟ್ಟೆ ಒಗೆಯುವ ಯಂತ್ರದ ಪಕ್ಕ, ಹಳೆಯ ಕಂಪ್ಯೂಟರೊಂದು ಹಗಲೂ ರಾತ್ರಿ ಗೊರಗೊರ ಅನ್ನುತ್ತಾ ಕೂತಿತ್ತು. ಇಷ್ಟು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದ ಮೇಲೆ ಮಾಸ್ತರಿಗೆ ಹತ್ತಿದ ಹುಚ್ಚು ಅದು. ನನಗೆ ಬರುವ ಪತ್ರ ಇನ್ನೊಬ್ಬರ ಮನೆಯಲ್ಲಿ ಯಾಕೆ ಬಿದ್ದಿರಬೇಕು ಎಂದು ತಮ್ಮದೇ ಮೇಲ್ ಸರ್ವರ್ ಕಟ್ಟಿಕೊಂಡಿದ್ದರು. ಕಟ್ಟಿಕೊಂಡಿದ್ದರು ಅನ್ನುವ ಮಾತನ್ನೇ ಹಿಡಿದು ಹೆಂಡತಿ ಅದನ್ನು "ಸವತಿ" ಅನ್ನುತ್ತಿದ್ದಳು. ಧೂಳು ಹೊಡೆಯುವುದು ಮಾತ್ರ ಅವಳೇ.

"ಹಾಂ, ಓದಿ... ಕ್ಲೈಂಟ್ ಹೋಸ್ಟ್ ರಿಜೆಕ್ಟೆಡ್... ಹೂಂ... ಕೆನಾಟ್ ಫೈಂಡ್ ಯುವರ್ ಹೋಸ್ಟ್ ನೇಮ್. ನಿಮ್ಮ ಹೆಸರು ಸಿಕ್ತಿಲ್ಲ ಅಂತ. ಅಲ್ಲಿಗೆ ತಪ್ಪು ನಿಮ್ಮ ಕಡೇದಾಯ್ತಲ್ಲ..."

"ನಿಮ್ಮ ಹೆಸರು ಅಂದ್ರೆ ನೀವಲ್ಲ. ನಿಮ್ಮ ಮೇಲ್ ಕಳಿಸೋ ಯಂತ್ರದ ಹೆಸರು. ಹೇಗೆ ಹೇಳಲಿ... ನಮ್ಮ ಬಾಗಿಲಿಗೆ ಒಬ್ಬ ಬರ್ತಾನೆ. ನಂಬರ್ ಒಂದು ಹೇಳ್ತಾನೆ. ಆ ನಂಬರಿಗೆ ಹೆಸರೇನು ಅಂತ ನನ್ನ ಸರ್ವರ್ ಹೋಗಿ ವಿಚಾರಿಸ್ಕೊಂಡು ಬರುತ್ತೆ. ಹೆಸರಿದ್ರೆ ಒಳಗೆ. ಹೆಸರೂ ಇಲ್ಲ ದೆಸೆನೂ ಇಲ್ಲ ಅಂದ್ರೆ ಹೊರಗೆ. ಕಳ್ಳಕಾಕರು ನುಗ್ಗಬಾರದು ಅಂತ ನಾನೇ ಇಟ್ಟಿರೋ ಕಾನೂನು."

"ಇಲ್ಲ, ನಿಮ್ಮನ್ನ ಕಳ್ಳ ಅಂದಿಲ್ಲ... ಹಾಂ?... ಅಂದಿಲ್ಲ ಅಂದೆ. ಎಷ್ಟು ಸಲ ಹೇಳಿಸ್ತೀರಿ..."

"ಬೇರೆ ಎಲ್ಲರಿಗೂ ನಿಮ್ಮ ಮೇಲ್ ಹೋಗುತ್ತಾ?... ಗಾಜು ತರಿಸೋ ಕಾರ್ಖಾನೆಗೂ?... ಕಣ್ಣಿನ ಆಸ್ಪತ್ರೆಗೂ?... ಅವರ ಹತ್ರ ಕಾನೂನು ಸಡಿಲ ಇರುತ್ತೆ ಬಿಡಿ. ನನ್ನದು ಬಿಗಿ. ಇತ್ತೀಚೆಗಂತೂ ಒಂದೇ ಒಂದು ಕಸದ ಮೇಲ್ ಬಂದಿಲ್ಲ ಗೊತ್ತಾ? ಅಷ್ಟು ಚೊಕ್ಕ. ಮೊದಲು ಬೋಳುತಲೆಗೆ ಎಣ್ಣೆ, ಬಿಟ್ಟಿ ಬಹುಮಾನ, ದಿನಾ ರಾಶಿ ಬೀಳ್ತಿತ್ತು. ಈಗ ಪೆಟ್ಟಿಗೆ ತೆಗೆದ್ರೆ ತೊಳೆದಿಟ್ಟ ಪಾತ್ರೆ ಥರ ಇರುತ್ತೆ..."

"ಏನಂದ್ರಿ?... ಕಸ ಅಲ್ಲದ್ದು ಏನಾದ್ರೂ ಬಂದಿದೆಯಾ ಅಂತಾನಾ?"

ಮಾಸ್ತರು ಬೆರಳು ಮಡಿಸಿ ಲೆಕ್ಕ ಹಾಕತೊಡಗಿದರು.

ಅಕ್ಕ ವಾರಕ್ಕೊಮ್ಮೆಯಾದರೂ ಬರೆಯುತ್ತಿದ್ದಳು, ಮಂಡಿನೋವಿನ ವಿಚಾರ. ಅದು ಬಂದಿರಲಿಲ್ಲ. ಅವಳ ಮಂಡಿ ವಾಸಿಯಾಗಿರಬೇಕು ಅಂದುಕೊಂಡಿದ್ದರು. ಮೇಲ್‌ನಲ್ಲೇ ಚದುರಂಗ ಆಡುತ್ತಿದ್ದ ಹಳೆಯ ಸಹೋದ್ಯೋಗಿ ತನ್ನ ನಡೆ ಕಳಿಸಿರಲಿಲ್ಲ. ಕುದುರೆ ಸಿಕ್ಕಿಬಿದ್ದಿದೆ, ಸೋಲುವ ಭಯಕ್ಕೆ ತಲೆ ಮರೆಸಿಕೊಂಡಿದ್ದಾನೆ ಎಂದು ಒಳಗೊಳಗೇ ಬೀಗಿದ್ದರು. ತಾವಾಗಿ ಯಾರಿಗೂ ಬರೆಯುವ ಅಭ್ಯಾಸ ಅವರಿಗಿಲ್ಲ. ಬಂದದ್ದಕ್ಕೆ ಉತ್ತರ ಕೊಡುವವರು. ಏನೂ ಬರಲಿಲ್ಲ, ಇವರೂ ಏನೂ ಕಳಿಸಲಿಲ್ಲ. ಎಷ್ಟು ನೆಮ್ಮದಿಯಾಗಿದೆ ಅಂದುಕೊಂಡು ಕಾಲು ಚಾಚಿದ್ದರು.

"ಇದ್ದೀನಿ, ಇದ್ದೀನಿ. ಲೈನಲ್ಲೇ ಇದ್ದೀನಿ... ಒಂದು ನಿಮಿಷ."

ಸ್ಟೂಲು ಎಳೆದು ಕೂತು ಅವರು ಸರ್ವರಿನ ದಾಖಲೆಯ ಕಡತ ತೆರೆದರು. ಪರದೆಯ ತುಂಬ ಒಂದೇ ಸಾಲು, ಮೇಲಿಂದ ಕೆಳಗಿನವರೆಗೆ. ಹೆಸರು ಸಿಕ್ಕುತ್ತಿಲ್ಲ, ಆಮೇಲೆ ಬಾ. ಹೆಸರು ಸಿಕ್ಕುತ್ತಿಲ್ಲ, ಆಮೇಲೆ ಬಾ. ಅಕ್ಕನಿಗೂ ಅದೇ, ಚದುರಂಗದವನಿಗೂ ಅದೇ, ಬ್ಯಾಂಕಿಗೂ ಅದೇ, ಬೋಳುತಲೆಯ ಎಣ್ಣೆಗೂ ಅದೇ. ಎಲ್ಲರೂ ಮತ್ತೆ ಮತ್ತೆ ಬಂದು, ಬಾಗಿಲು ಬಡಿದು, ಕೊನೆಗೆ ಸಾಕಾಗಿ ಹೋಗಿದ್ದರು.

"ಕನ್ನಡಕದವರೇ... ಹಾಂ. ಒಂದು ವಿಷಯ... ಇಲ್ಲ, ಇನ್ನೂ ಗೊತ್ತಾಗಿಲ್ಲ. ನೋಡ್ತಿದ್ದೀನಿ."

ಗೊತ್ತಾಗಿತ್ತು. ಇತ್ತೀಚೆಗೆ ಇಂಟರ್ನೆಟ್‌ನವರು ಬಂದು ಹಳೆಯ ರೂಟರ್ ಪೆಟ್ಟಿಗೆ ಕಿತ್ತು ಹೊಸದನ್ನು ಗೋಡೆಗೆ ಬಡಿದು ಹೋಗಿದ್ದರು. ಪೆಟ್ಟಿಗೆ ಬದಲಾದಾಗ ಅದರ ವಿಳಾಸವೂ ಬದಲಾಯಿತು. ಆದರೆ ಹೆಸರು ವಿಚಾರಿಸಲು ಎಲ್ಲಿಗೆ ಹೋಗಬೇಕು ಎಂದು ಮಾಸ್ತರು ಸರ್ವರಿಗೆ ಕೈಯಾರೆ ಬರೆದುಕೊಟ್ಟಿದ್ದ ಸಾಲಿನಲ್ಲಿ ಹಳೆಯ ವಿಳಾಸವೇ ಕೂತಿತ್ತು. ಪಾಪ ಅದು ಪ್ರತಿ ಸಲವೂ ಖಾಲಿ ಮನೆಗೆ ಹೋಗಿ ಕೂಗಿ ಕೂಗಿ ಬರುತ್ತಿತ್ತು. ಮನೆಯಲ್ಲಿದ್ದ ಲ್ಯಾಪ್‌ಟಾಪು, ಫೋನು ಎಲ್ಲ ಹೊಸ ಪೆಟ್ಟಿಗೆಯನ್ನು ತಾವಾಗಿ ಕೇಳಿಕೊಂಡು ಸರಿಯಾಗಿದ್ದವು. ಇದೊಂದೇ ಯಜಮಾನನ ಮಾತು ನಂಬಿ ಕೆಟ್ಟಿತ್ತು.

ಹೇಳದೆ ಇದ್ದರೂ ಆಗುತ್ತಿತ್ತು. ಸಾಲನ್ನು ತಿದ್ದಿ, ನಿಮ್ಮ ಕಡೆ ಏನೋ ಸರಿಹೋಗಿದೆ ನೋಡಿ ಅಂದಿದ್ದರೆ ಆ ಹುಡುಗ ನಂಬುತ್ತಿದ್ದ. ಮಗಳಿಗೂ ತಿಳಿಯುತ್ತಿರಲಿಲ್ಲ. ಗೂಡಿನಾಚೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಮಗಳು ಈಜುಕೊಳದಿಂದ ಬಂದಿದ್ದಳು. ಈಜು ಕಲಿಸುವ ಬೆಳಗಿನ ಪಾಠ ಮುಗಿಸಿ ಬಂದವಳು ಮೊದಲೆಲ್ಲ ಬಾಗಿಲಲ್ಲೇ "ಅಪ್ಪಾ" ಎಂದು ಕೂಗುತ್ತಿದ್ದಳು.

ಮಾಸ್ತರು ಆ ಸಾಲಿನಲ್ಲಿ ಹೊಸ ವಿಳಾಸ ಬರೆದರು.

"ನೋಡಿ, ತಪ್ಪು ನನ್ನ ಕಡೇದು... ಹಾಂ?... ತಪ್ಪು. ನನ್ನ. ಕಡೇದು. ನಿಮ್ಮ ಯಂತ್ರಕ್ಕೆ ಹೆಸರಿದೆ, ಚೆನ್ನಾಗಿಯೇ ಇದೆ. ನನ್ನದಕ್ಕೆ ಕೇಳೋ ದಾರಿ ತಪ್ಪಿಹೋಗಿತ್ತು. ನೀವು ಬರೆದಿದ್ರಿ. ನಾನು ಬರೆದಿಲ್ಲ ಅಂದೆ. ನನ್ನ ಮಗಳ ಮುಂದೆ ನಿಮ್ಮನ್ನ ಸುಳ್ಳ ಮಾಡಿದೆ..."

"ಪರವಾಗಿದೆ ರೀ. ಪರವಾಗಿಲ್ಲ ಅನ್ನಬೇಡಿ."

"ಈಗ ತಿದ್ದಿದೆ. ಇಡಬೇಡಿ, ಇನ್ನೊಂದು ಸಲ ಕಳಿಸಿ... ಅದೇ ಪತ್ರ. ಈಗಲೇ... ಇಟ್ಟಿದ್ದೀರಿ ತಾನೆ?... ಕಳಿಸಿ. ಕಾಯ್ತೀನಿ."

"ಬಂತು! ಏನೋ ಬಂತು... ಅಲ್ಲ, ಇದು ಬೋಳುತಲೆ ಎಣ್ಣೆ... ಸಂತೋಷ ಪಡಿ, ಇದು ಬಂತು ಅಂದ್ರೆ ದಾರಿ ತೆರೀತು ಅಂತಲೇ ಲೆಕ್ಕ... ಇದು ನಮ್ಮಕ್ಕನದು. 'ಇದ್ದೀಯೋ ಹೋದೆಯೋ ಅದನ್ನಾದರೂ ತಿಳಿಸು.' ಸರಿ, ಆಮೇಲೆ ತಿಳಿಸ್ತೀನಿ... ಹಾಂ. ಇದು ನಿಮ್ಮದು. ಬಂತು. ಓದ್ತೀನಿ, ಸುಮ್ಮನಿರಿ."

ಅವರು ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿಕೊಂಡು ಓದಿದರು. ನಾಲ್ಕು ಸಾಲು ಕೇಳಿದ್ದಕ್ಕೆ ಅವನು ಪೂರ್ತಿ ಒಂದು ಪುಟ ಬರೆದಿದ್ದ. ನಿಧಾನವಾಗಿ ಓದಿದರು, ಲಿಫ್ಟಿನ ಹಗ್ಗವನ್ನು ಎಳೆ ಎಳೆಯಾಗಿ ನೋಡುತ್ತಿದ್ದ ಹಾಗೆ.

"'ನನಗೆ ಈಜು ಬರುವುದಿಲ್ಲ. ನಿಮ್ಮ ಮಗಳು ಕಲಿಸಲು ನೋಡಿ ಸೋತಿದ್ದಾರೆ.' ಇದನ್ನ ಯಾಕೆ ಬರೆದ್ರಿ?... ಏನನ್ನೂ ಮುಚ್ಚಿಡಬಾರದು ಅಂತಾನಾ. ಸರಿ..."

"'ನನಗೆ ಎಡಗಿವಿ ಹುಟ್ಟಿನಿಂದ ಕೇಳುವುದಿಲ್ಲ. ಬಲಗಿವಿಯೂ ಅಷ್ಟಕ್ಕಷ್ಟೇ. ಫೋನಿನಲ್ಲಿ ಎದುರಿನವರ ಮಾತು ಅರ್ಧ ತಪ್ಪಿಹೋಗುತ್ತದೆ. ಆದ್ದರಿಂದ ನೀವು ಬರೆಯಲು ಹೇಳಿದ್ದು ನನಗೆ ತುಂಬ ಉಪಕಾರವಾಯಿತು...'"

ಮುಂದಿನದನ್ನು ಅವರು ಜೋರಾಗಿ ಓದಲಿಲ್ಲ.

"ಹಲೋ... ಕೇಳಿಸ್ತಿದೆಯಾ?... ಯಾವ ಕಿವಿಗೆ ಇಟ್ಕೊಂಡಿದ್ದೀರಿ?... ಬಲಗಿವಿ. ಒಳ್ಳೇದು. ಇಷ್ಟು ಹೊತ್ತು ನಾನು ಗೊಣಗಿದ್ದು ಎಷ್ಟು ಕೇಳಿಸ್ತು?... ಅರ್ಧ. ಆ ಅರ್ಧ ಸಾಕು ಬಿಡಿ, ಮಿಕ್ಕಿದ್ದು ಅಷ್ಟು ಚೆನ್ನಾಗಿರಲಿಲ್ಲ."

"ಮತ್ತೆ ಇವತ್ತು ಫೋನ್ ಮಾಡೋ ಧೈರ್ಯ ಹೇಗೆ ಮಾಡಿದ್ರಿ?... ಇಲ್ಲ ಅನ್ನೋದು ಚಿಕ್ಕ ಮಾತು, ಅಷ್ಟು ಕೇಳಿಸುತ್ತೆ ಅಂತಾನಾ?..."

ಮಾಸ್ತರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. ನಲ್ಲಿಯ ಸದ್ದು ನಿಂತಿತ್ತು. ತಲೆ ಎತ್ತಿದರೆ ಮಗಳು ಗೂಡಿನ ಬಾಗಿಲಲ್ಲಿ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳ ಕಣ್ಣು ಪರದೆಯ ಮೇಲಿತ್ತು.

"ಉತ್ತರನಾ?... ಬರೆದು ಕೇಳಿದ್ದೀರಿ, ಬರೆದೇ ಕಳಿಸ್ತೀನಿ. ಅದು ಮರ್ಯಾದೆ... ಇವತ್ತೇ ಕಳಿಸ್ತೀನಿ ಮಾರಾಯ್ರೆ, ಅಷ್ಟು ಅವಸರ ಮಾಡಿದ್ರೆ ಹೇಗೆ... ಹಾಂ?... ಇಲ್ಲ, ಇಲ್ಲ ಅಂತಲ್ಲ! ಅಯ್ಯೋ, ಇದನ್ನೊಂದು ಸರಿಯಾಗಿ ಕೇಳಿಸ್ಕೊಳ್ಳಿ. ಇಲ್ಲ ಅಂತ ಬರೆಯಲ್ಲ ಅಂದೆ. ಕೇಳಿಸ್ತಾ?... ಏನು ಕೇಳಿಸ್ತು, ಹೇಳಿ ನೋಡೋಣ... ಹಾಂ, ಅದೇ. ಸರಿಯಾಗಿ ಕೇಳಿಸಿದೆ."

"ಭಾನುವಾರ ಮನೆಗೆ ಬಾ. ಮಧ್ಯಾಹ್ನ ಊಟ ಇಲ್ಲೇ. ನನ್ನ ಎಡಕ್ಕೆ ಕೂತ್ಕೋ, ಬಲಗಿವಿ ನನ್ನ ಕಡೆ ಇರುತ್ತೆ... ಏನು?... ನೀನು ಅಂದೆನಾ?... ಅಂದೆ. ಬಾಯಿ ತಪ್ಪಿ ಅಂದದ್ದಲ್ಲ, ಹಿಂದಕ್ಕೆ ತಗೊಳ್ಳಲ್ಲ... ಏನಪ್ಪಾ, ಮಾತೇ ಇಲ್ಲ? ಹಲೋ?... ಅಳ್ತಿದ್ದೀಯಾ? ಅಂಗಡೀಲಿ ಗಿರಾಕಿ ಯಾರೂ ಇಲ್ಲ ತಾನೆ?... ಇದ್ದಾರಾ? ಅವರ ಮುಂದೇನಾ? ಛೆ, ಹೋಗಲಿ, ಕಣ್ಣು ಪರೀಕ್ಷೆ ಅಂತ ಹೇಳು..."

"ಅಪ್ಪಾ, ಕೊಡಿಲ್ಲಿ" ಎಂದಳು ಮಗಳು. ಕೊಡುವ ತನಕ ಕಾಯಲಿಲ್ಲ.

"ಇರೇ, ಕಿತ್ಕೋಬೇಡ, ಕೈ ಒದ್ದೆ ಇದೆ ನಿಂದು... ಏಯ್, ನೋಡ್ಕೊಂಡೇ, ಬೆರಳು ಅಲ್ಲಿಡಬೇಡ, ಅದು ಕೆಂಪು ಬಟ..."