ಎಂಟನೇ ಏಟು

ದೀಪ ಹಾಗೇ ಇರಲಿ... ಕದ ಮಾತ್ರ ಹಾಕಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ಈ ಪ್ಲಿಮತ್ ಬಂದರಿನಲ್ಲೇ, ನನ್ನ ಪಕ್ಕದ ಮನೆಯ ಹೆಸ್ಟರ್‌ಗೆ ಆದದ್ದು.

ಥ್ರಾಸಲ್ ಗೊತ್ತಲ್ಲ, ರಾಜರ ಯುದ್ಧದ ಹಡಗು? ಗೊತ್ತು ಅಂತೀರಿ, ಯಾವ ಥ್ರಾಸಲ್ ಅಂದ್ರೆ ತಲೆ ಕೆರ್ಕೋತೀರಿ. ಮೊದಲನೇದು ಫ್ರೆಂಚರ ಜೊತೆ ಕಾದಾಡಿ ಸುಟ್ಟುಹೋಯ್ತು. ಅದೇ ಹೆಸರಿಟ್ಟು ಎರಡನೇದು ಕಟ್ಟಿದ್ರು. ಅದು ಬಂಡೆಗೆ ಬಡಿದು ಮುಳುಗಿತು. ಹೆಸ್ಟರಳ ಗಂಡ ಸೈಲಸ್ ಅದರಲ್ಲಿ ರಾತ್ರಿ ಪಾಳಿಯಲ್ಲಿದ್ದ, ಅದಿನ್ನೂ ಮುಗಿದಿರಲಿಲ್ಲ. ಹೆಣ ಸಿಗಲಿಲ್ಲ. ನೀರಿಂದ ಮೇಲೆ ತಂದದ್ದು ಹಡಗಿನ ಗಂಟೆ ಒಂದನ್ನೇ. ಮೂರನೇ ಥ್ರಾಸಲ್ ತಯಾರಾದಾಗ ದೊಡ್ಡವರು ಏನು ಮಾಡಿದ್ರು? ಹೆಸರು ಹಳೇದು, ಗಂಟೆಯೂ ಹಳೇದೇ ಇರಲಿ ಅಂತ ಅದನ್ನೇ ತೂಗುಹಾಕಿದ್ರು. ಅವರ ಬುದ್ಧಿಗಿಷ್ಟು ಬೆಂಕಿ ಹಾಕ.

ಆ ಹಡಗಿಗೇ ಹೆಸ್ಟರಳ ಒಬ್ಬನೇ ಮಗ ಜೆಮ್ ಸೇರಿಕೊಂಡ. ಬೆಳಿಗ್ಗೆ ಸಮುದ್ರ ಉಕ್ಕೋ ಭರತದ ಹೊತ್ತಿಗೆ ಹೊರಡೋದು. ಅವಳು ಪಾತ್ರೆ ತೊಳೆಯೋ ಹೆಂಡದಂಗಡಿಗೆ ಸಂಜೆ ಬಂದು ಹೇಳಿ ಹೋದ.

"ಬೇರೆ ಹಡಗೇ ಸಿಗ್ಲಿಲ್ವೇನೋ ನಿಂಗೆ?"

"ಹೆಸರಿಗೆ ಹೆದರಿದ್ರೆ ಹೊಟ್ಟೆ ತುಂಬುತ್ತೇನವ್ವ? ಅಪ್ಪನ ಗಂಟೆ ಕಣೇ, ನನ್ನ ಕಾಯುತ್ತೆ ಬಿಡು."

ಅವಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಅಂಗಡಿ ಮುಚ್ಚಿ ಹೊರಟಾಗ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಹಡಗುಕಟ್ಟೆ ಗೋಡೆಯ ಪಕ್ಕದ ಬಾವಿ ಇದೆಯಲ್ಲ, ಅಲ್ಲಿಗೆ ಬಂದಳು. ಬಂದರಿನ ಹಡಗುಗಳೆಲ್ಲ ಗಂಟೆ ಬಾರಿಸಿದವು. ಎಂಟೇಟು. ಅರ್ಧ ತಾಸಿಗೊಂದು ಏಟು ಏರಿಸ್ತಾ ಎಂಟಾಯ್ತು ಅಂದ್ರೆ ಪಾಳಿ ಮುಗೀತು, ಬದಲಿ ಆಳು ಬಂದ ಅಂತ. ನಮ್ಮೂರ ತೊಟ್ಟಿಲ ಕೂಸಿಗೂ ಗೊತ್ತು ಅದು.

ಎಲ್ಲ ಸುಮ್ಮನಾದ ಮೇಲೆ ಒಂದೇ ಒಂದು ಗಂಟೆ... ಒಡಕು ದನಿಯದು, ಥ್ರಾಸಲ್‌ನ ಆ ಹಳೇ ಗಂಟೆ.

ಠಣ್-ಠಣ್... ಠಣ್-ಠಣ್... ಠಣ್-ಠಣ್... ಠಣ್.

ಏಳು. ಕಾದಳು. ಎಂಟನೇದು ಬರಲಿಲ್ಲ.

ತೊಟ್... ತೊಟ್... ನೀರು ಬೀಳೋ ಸದ್ದು. ಬಾವಿಯೊಳಗಲ್ಲ, ಕಲ್ಲಿನ ಮೇಲೆ. ಬಾವಿಕಟ್ಟೆ ಮೇಲೊಬ್ಬ ಕೂತಿದ್ದ. ಮುಖ ಆ ಕಡೆ. ತೋಳಿಂದ ನೀರು ಇಳೀತಿತ್ತು.

"ಎಂಟು ಬಾರಿಸಿದ್ರಾ, ಹೆಸ್ಟರ್?"

ಸೈಲಸನ ದನಿ. ಅವಳು ಹಿಂದೆ ಸರಿದು ಗೋಡೆಗೆ ಒತ್ತಿಕೊಂಡಳು.

"ಇಲ್ಲ..."

"ಬದಲಿ ಬರದೆ ಜಾಗ ಬಿಡೋ ಹಾಗಿಲ್ಲ. ಗೊತ್ತಲ್ಲ ನಿಂಗೆ."

"ಗೊತ್ತು."

"ಚಳಿ ಕಣೇ... ಈ ಸಲ ಜೆಮ್ ಬರ್ತಾನಂತೆ, ಬದಲಿಗೆ."

ಅಲ್ಲಿಗೆ ಹೆದರಿಕೆ ಹಾರಿಹೋಯ್ತಂತೆ. ಸಿಟ್ಟು ಬಂತಂತೆ, ಆ ಗಂಟೆ ತೂಗುಹಾಕಿದವರ ಮೇಲೆ. ಗಂಡನನ್ನು ನೋಡಿ ಪಾಪ ಅನ್ನಿಸ್ತಂತೆ, ಇಷ್ಟು ವರ್ಷ ನೆನೆದುಕೊಂಡೇ ಕಾಯ್ತಿದ್ದಾನಲ್ಲ ಅಂತ. ತನ್ನ ಕೆಂಪು ಶಾಲು ತೆಗೆದು ಅವನ ಹೆಗಲಿಗೆ ಹೊದಿಸಿದಳು.

"ಹುಡುಗ ಬೇಡ. ನಾನು ಬಂದಿದ್ದೀನಿ. ನಿನ್ನ ಪಾಳಿ ಮುಗೀತು, ಹೋಗಿ ಮಲಕ್ಕೋ."

"ನೀನಾ?"

"ಹೂಂ. ನಾನೇ."

ಗೋಡೆಯಾಚೆ... ಠಣ್. ಒಂದೇ ಏಟು.

ಕಟ್ಟೆ ಮೇಲೆ ಯಾರೂ ಇರಲಿಲ್ಲ. ಶಾಲೂ ಇರಲಿಲ್ಲ.

ಬೆಳಿಗ್ಗೆ ಹಡಗು ಹೋದ ಮೇಲೆ ನನಗೆ ಹೇಳಿದಳು. ನಾನು ನಕ್ಕೆ. "ಅಂಗಡೀಲಿ ಮಿಕ್ಕಿದ ಜಿನ್ನೆಲ್ಲ ನೀನೇ ಮುಗಿಸಿದ್ಯೇನೇ?" ಅವಳು ನಗಲಿಲ್ಲ. ಆವತ್ತಿಂದ ಅವಳು ನಡುರಾತ್ರಿ ಮಲಗಿದ್ದನ್ನ ನಾ ಕಾಣೆ. ನಮ್ಮಿಬ್ಬರ ಮನೆಯ ನಡುಗೋಡೆಯಾಚೆ ಹೆಜ್ಜೆ ಸದ್ದು ಕೇಳ್ತಿತ್ತು. ಆ ಕಡೆಯಿಂದ ಈ ಕಡೆ... ಈ ಕಡೆಯಿಂದ ಆ ಕಡೆ... ಬಂದರಿನಲ್ಲಿ ನಸುಕಿಗೆ ಎಂಟು ಬಾರಿಸೋವರೆಗೂ. ಮಗ ದೂರದಲ್ಲಿದ್ದಾನೆ, ನಿದ್ದೆ ಬರಲ್ಲ ಪಾಪ ಅಂದ್ಕೊಂಡೆ.

ಮೂರನೇ ಬೇಸಿಗೆಗೆ ಜೆಮ್ ಗಟ್ಟಿಮುಟ್ಟಾಗಿ ವಾಪಸು ಬಂದ, ಗಡ್ಡ ಬಿಟ್ಕೊಂಡು. ಅವ್ವನಿಗೆ ಅಂತ ಏನೋ ರೇಷ್ಮೆ ಬಟ್ಟೆ ತಂದಿದ್ದ. ಎಷ್ಟು ತಟ್ಟಿದ್ರೂ ಕದ ತೆಗೀಲಿಲ್ಲ. ಒಳಗಿಂದ ಅಗುಳಿ. ನಾವಿಬ್ಬರೂ ಸೇರಿ ಒಡೆದ್ವಿ.

ಹಾಸಿಗೆಯಲ್ಲೇ ಹೋಗಿಬಿಟ್ಟಿದ್ದಳು. ಮುಖ ಹಾಯಾಗಿತ್ತು, ಅಂತೂ ನಿದ್ದೆ ಬಂತು ಅನ್ನೋ ಹಾಗೆ. ಕುತ್ತಿಗೆವರೆಗೂ ಯಾರೋ ಚೆನ್ನಾಗಿ ಹೊದಿಸಿದ್ರು. ಅದೇ ಕೆಂಪು ಶಾಲು.

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಆ ವಾರವೆಲ್ಲ ಒಂದು ಹನಿ ಮಳೆ ಇರಲಿಲ್ಲ. ಶಾಲನ್ನ ನಾನೇ ಈ ಕೈಯಲ್ಲೇ ಹಿಂಡಿದ್ದು. ನೀರೆಲ್ಲ ಆರಿದ ಮೇಲೆ ನೆಲದ ಮೇಲೆ ಉಪ್ಪು ಬೆಳ್ಳಗೆ ಉಳಿದಿತ್ತು.