ಗೆರೆ ಎಳೆದವನು ನಾನೇ ಸಾರ್

...ಗೆರೆ ಎಳೆದವನು ನಾನು ಸಾರ್, ಅದರಲ್ಲಿ ಅನುಮಾನ ಯಾಕೆ? ಕೂತ್ಕೊಳ್ಳಿ, ಮೈದಾನದಿಂದ ಓಡಿ ಬಂದು ಏದುಸಿರು ಬಿಡ್ತಿದೀರ. ನೀವು ರೆಫ್ರಿ, ಕೊನೇ ಮಾತು ನಿಮ್ದೇ, ಒಪ್ಕೋತೀನಿ. ಆದ್ರೆ ಈ ವಿಡಿಯೊ ಕೋಣೇಲಿ ಗೆರೆ ಎಳೆಯೋ ಕೈ ನಂದು. ಹಳ್ಳೀಲಿ ಬೆಳೆದ ಕಣ್ಣು ಇದು. ಊರಾಚೆ ಹೋಗೋ ಎಮ್ಮೆ ಕುಂಟಿದ್ರೆ, ಯಾವ ಕಾಲು ಅಂತ ಹೊಲದ ಬದುವಿನ ಮೇಲೆ ನಿಂತೇ ಹೇಳ್ತಿದ್ದೆ. ಯಾಕೆ ನಗ್ತೀರಾ? ಬೇಕಾದ್ರೆ ಎಮ್ಮೇನೇ ಕೇಳಿ.

ನೋಡಿ. ಪಾಸ್ ಕೊಡೋನ ಕಾಲಲ್ಲಿ ಚೆಂಡು. ಒಂಬತ್ತನೇ ನಂಬರಿನ ಹುಡುಗ ಇಲ್ಲಿ, ಗೆರೆಯಿಂದ ಈಚೆ. ಗೆರೆ ದಾಟದೆ ಆಫ್‌ಸೈಡ್ ಎಲ್ಲಿಂದ ಬಂತು? ಫೈನಲ್ಲು, ಕೊನೇ ನಿಮಿಷ, ಬಿದ್ದಿರೋದು ಇದೊಂದೇ ಗೋಲು. ಹೋಗಿ ಸೀಟಿ ಊದಿ. ಹೊರಗೆ ಜನ ಕುರ್ಚಿ ಮುರೀತಿದಾರೆ.

...ಚಿತ್ರ ಹಿಂದೆಮುಂದೆ ತಿರುಗಿಸೋ ಚಕ್ರಕ್ಕೆ ಯಾಕೆ ಕೈ ಹಾಕಿದ್ರಿ? ಮುಂದಿನ ಚಿತ್ರ ನೋಡ್ಬೇಕಾ? ನೋಡಿ, ಧಾರಾಳವಾಗಿ ನೋಡಿ. ಮುಚ್ಚುಮರೆ ಇರಬಾರ್ದು ಅಂತಾನೇ ತಾನೆ ಈ ಯಂತ್ರ ತಂದಿರೋದು. ಹಾಂ, ಒಂದು ಚಿತ್ರ ಮುಂದಕ್ಕೆ. ಚೆಂಡು ಇನ್ನೂ ಕಾಲಿಗೆ ಅಂಟ್ಕೊಂಡೇ ಇದೆ, ಹುಡುಗ ಗೆರೆ ಮೇಲೆ. ಮೇಲೆ ಅಂದ್ರೆ ದಾಟಿಲ್ಲ ಅಂತ.

ಯಾಕೆ ಹುಬ್ಬು ಗಂಟಿಕ್ಕಿದ್ರಿ? ಚೆಂಡು ಕಾಲು ಬಿಟ್ಟ ಕ್ಷಣಕ್ಕೇ ಚಿತ್ರ ನಿಲ್ಲಿಸ್ಬೇಕು, ಗೊತ್ತು ಸಾರ್, ನನಗೇ ಪಾಠಾನಾ? ಒಂದೆರಡು ಚಿತ್ರ ಹಿಂದುಮುಂದಾದ್ರೆ ಆಕಾಶ ಕಳಚಿ ಬೀಳುತ್ತಾ? ರೆಪ್ಪೆ ಬಡಿಯೋಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಹಾಗೆ ನೋಡ್ಬೇಡಿ.

...ಯಾರು ಹೇಳಿದ್ರು ನಿಮಗೆ? ಸರಿ, ಆ ಒಂಬತ್ತನೇ ನಂಬರಿನೋನು ನನ್ನ ತಮ್ಮ. ಬೆನ್ನಿಗೆ ಬಿದ್ದೋನು. ದೊಡ್ಡ ಕ್ಲಬ್ಬಿನವರು ಅವನನ್ನ ನೋಡೋಕೆ ಅಂತಾನೇ ಬಂದು ಮೇಲೆ ಕೂತಿದಾರೆ. ಇವತ್ತು ಗೋಲು ಹೊಡೆದ್ರೆ ಕರ್ಕೊಂಡು ಹೋಗ್ತಾರೆ, ಇಲ್ಲಾಂದ್ರೆ ಇಲ್ಲ. ಅವ್ವ ಬೆಳಗ್ಗೆಯಿಂದ ಫೋನ್ ಕೆಳಗಿಟ್ಟಿಲ್ಲ. ಮುಂದಿನ ಚಿತ್ರದಲ್ಲಿ ದಾಟಿದಾನೆ, ನಾನೇ ಹೇಳ್ಬಿಡ್ತೀನಿ, ಒಂದು ಮೊಣಕಾಲಷ್ಟು. ಬರೀ ಮೊಣಕಾಲು ಸಾರ್...

ಅಲ್ಲ, ನೀವು ಚಕ್ರ ಬಿಟ್ಟು ಎದ್ದಾಗಿತ್ತಲ್ಲ? ಸೀಟಿ ಆಗ್ಲೇ ಕೈಲಿದೆ. ಗೋಲು ಕೊಡೋಕೇ ಹೊರಟಿದ್ರಾ? ನನ್ನ ತಮ್ಮ ಅಂತ ನಿಮಗೆ ಗೊತ್ತೇ ಇರ್ಲಿಲ್ವಾ?

ಸಾರ್... ಮತ್ತೆ ಯಾಕೆ ಚಕ್ರದ ಮುಂದೆ ಕೂತ್ಕೊಂಡ್ರಿ?