ಅಮ್ಮನ ಬೀಗದಕೈ ಸದ್ದು

ವಾಪಸ್ಸಾ? ನಲವತ್ತಕ್ಕೆ ನಲವತ್ತೂ ವಾಪಸ್ಸಾ? ಅಯ್ಯೋ, ನೀನು ನನ್ನ ಅಕ್ಕಾನೋ ಆ ಕಂಪನಿಯೋರ ಏಜೆಂಟೋ! ಕೂತ್ಕೋ ಮೊದಲು. ಅಲ್ಲಲ್ಲ, ಆ ಕುರ್ಚಿ ಬೇಡ, ಅದರ ಮೇಲೆ ಒಂದು ಹೆಡ್‌ಫೋನು ಬಿಚ್ಚಿಟ್ಟಿದೀನಿ. ಒಂದು ಸ್ಕ್ರೂ ಉರುಳಿದ್ರೆ ಸಂಜೆವರೆಗೂ ನೆಲದ ಮೇಲೆ ತೆವಳಬೇಕು. ಸ್ಟೂಲ್ ಎಳ್ಕೋ. ಹಾಂ, ಈಗ ಹೇಳು. ಏನಂತೆ ನಿಮ್ಮ ಆಫೀಸಿನ ಮಹಾರಾಯರಿಗೆ?

…ಚುಚ್ಚುತ್ತಂತಾ? ಕಿವಿಗೆ ಚುಚ್ಚುತ್ತಂತಾ! ನಾನು ಹೇಳಿದ್ದು ಹೆಡ್‌ಫೋನು ಅಕ್ಕಾ, ದಬ್ಬಳ ಅಲ್ಲ. ಏನು ನಗು? ನಗ್ತಿಲ್ವಾ? ಹಾಗಿದ್ರೆ ಸರಿ.

ಅಲ್ಲ, ಯಾರು ಬಂದು ಕೇಳಿದ್ದು? ನಾನೇನು ನಿಮ್ಮ ಆಫೀಸಿನ ಬಾಗಿಲು ತಟ್ಟಿದ್ನಾ? ನೀನೇ ಇದೇ ಸ್ಟೂಲ್ ಮೇಲೆ ಕೂತು, 'ನಾವು ದಿನಾ ಎಂಟು ಗಂಟೆ ಕೋರ್ಟಿನ ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡ್ತೀವಿ ಕಣೋ, ನಮ್ಮ ಮೇಡಂ ನಿನ್ನ ಅಂಕಣ ತಪ್ಪದೆ ಓದ್ತಾರೆ, ಯಾವುದು ತಗೋಬೇಕು ಅಂತ ನಿನ್ನನ್ನೇ ಕೇಳೋಕೆ ಹೇಳಿದಾರೆ' ಅಂದೆ. ಅಂದ್ಯೋ ಇಲ್ವೋ? ನಾನು ಈ ಹಳದಿ ಡಬ್ಬದ್ದನ್ನ ನಿನ್ನ ಕೈಗಿಟ್ಟು, ಕಣ್ಮುಚ್ಕೊಂಡು ತಗೊಳ್ಳಿ ಅಂದೆ. ಎರಡು ತಿಂಗಳಾಗಿದೆ ಅಷ್ಟೇ, ಆಗಲೇ ಮೂತಿ ತಿರುವೋದಾ?

ಮತ್ತೆ ಯಾವುದು ಬೇಕಂತೆ ಈಗ? …ಬೇಡ, ಹೇಳ್ಬೇಡ, ನಿನ್ನ ಮುಖ ನೋಡಿದ್ರೇ ಗೊತ್ತಾಯ್ತು. ಕರಿ ಡಬ್ಬದ್ದು! ಊರ ತುಂಬ ಬೋರ್ಡು ನಿಲ್ಲಿಸಿದಾರಲ್ಲ, ಅದರಲ್ಲಿ ಒಬ್ಬಳು ತಲೆ ಹಿಂದಕ್ಕೆ ಚೆಲ್ಲಿ, ಸ್ವರ್ಗಕ್ಕೆ ಮೂರೇ ಗೇಣು ಅನ್ನೋ ಹಾಗೆ ನಿಂತಿದಾಳಲ್ಲ, ಅದೇ ತಾನೇ? ಆ ಫೋಟೋ ತೆಗೆದೋನು ನನ್ನ ಗಿರಾಕಿ ಕಣಕ್ಕಾ. ಅವಳ ಕಿವಿ ಮೇಲಿದ್ದದ್ದು ಬರೀ ಚಿಪ್ಪಂತೆ. ಒಳಗೆ ವೈರಿಲ್ಲ, ಏನಿಲ್ಲ, ಖಾಲಿ ಪ್ಲಾಸ್ಟಿಕ್ಕು! ಖಾಲಿ ಚಿಪ್ಪು ಹಾಕ್ಕೊಂಡು ಮೈಮರೆತು ನಿಂತಿದಾಳೆ ಮಹಾತಾಯಿ. ಅದನ್ನ ನೋಡಿ ನಿಮ್ಮ ಆಫೀಸು ಬಾಯಿ ಬಿಟ್ಕೊಂಡು ಹೊರಟಿದೆ.

ಬಾ ಇಲ್ಲಿ. ಬಾ ಅಂದ್ರೆ! ಈ ಕುರ್ಚಿ ಮೇಲೆ ಬಿಚ್ಚಿಟ್ಟಿರೋದು ಅದೇ ಕರಿ ಡಬ್ಬದ್ದು, ರಿಪೇರಿಗೆ ಬಂದಿದೆ. ಹಳದಿದ್ರ ಹತ್ತು ಪಟ್ಟು ಬೆಲೆ. ಇದನ್ನ ಹಿಡಿ ಅಂಗೈಯಲ್ಲಿ. ಭಾರ ಇದೆಯಲ್ವಾ? ಏನದು ಹೇಳು ನೋಡೋಣ. ಕಬ್ಬಿಣ! ಬರೀ ಕಬ್ಬಿಣದ ತುಂಡು. ಅದಕ್ಕೆ ವೈರ್ ಸೇರಿಲ್ಲ, ಸದ್ದಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಕೈಗೆತ್ತಿಕೊಂಡಾಗ 'ಆಹಾ, ತೂಕದ ಮಾಲು' ಅನ್ನಿಸಬೇಕು ಅಂತ ಎರಡೂ ಕಡೆ ಒಂದೊಂದು ಅಂಟಿಸಿದಾರೆ. ಹೀಗೆ ಇಡ್ತಾರೆ ಅಕ್ಕಾ ಜನರ ಕಿವಿಗೆ ಹೂವು! ಡಬ್ಬದ ಮೇಲೆ ಏನು ಬರೆದಿದೆ ಓದು. 'ಗಾಯಕನ ಉಸಿರೂ ನಿಮ್ಮದಾಗಲಿ.' ಉಸಿರು! ಕಬ್ಬಿಣ ಮಾರಿ ಉಸಿರು ಅಂತಾರೆ. ನನಗೆ ಬರೋ ಸಿಟ್ಟಿಗೆ…

ತಡಿ, ಇನ್ನೂ ಇದೆ. ಒಳ್ಳೇ ಮಾತು ಬರೀರಿ ಅಂತ ಹೊಸಾದೊಂದನ್ನ ರೇಷ್ಮೆ ಬಟ್ಟೆ ಸುತ್ತಿ ಮನೆಗೇ ಕಳಿಸಿದಾರೆ. ಜೊತೆಗೆ ಕಾಗದ. 'ನಿಮ್ಮಂಥ ಸೂಕ್ಷ್ಮ ಕಿವಿಯವರು' ಅಂತ ಶುರು! ನನ್ನ ಮೂಗಿಗೆ ತುಪ್ಪ ಸವರೋಕೆ ಬಂದಿದಾರೆ. ಹದಿನಾಲ್ಕು ವರ್ಷ ಆಯ್ತಕ್ಕಾ 'ಕಿವಿಮಾತು' ಬರೆಯೋಕೆ ಶುರು ಮಾಡಿ. ಒಬ್ಬರ ಹಂಗಿಗೂ ಬಿದ್ದಿಲ್ಲ. ಅಂಗಡಿಯೋರು ನನ್ನ ಹೆಸರು ಕೇಳಿದ್ರೆ ಮುಖ ಸಿಂಡರಿಸ್ತಾರೆ, ಕೊಳ್ಳೋರು ಮಾತ್ರ ಪತ್ರಿಕೆ ಕತ್ತರಿಸಿ ಜೇಬಲ್ಲಿಟ್ಕೊಂಡು ಹೋಗ್ತಾರೆ. ನಾಳೆ ಅಚ್ಚಿಗೆ ಹೋಗೋ ಸಂಚಿಕೆಯಲ್ಲಿ 'ವರ್ಷದ ಹೆಡ್‌ಫೋನು' ಅಂತ ಈ ಹಳದಿ ಡಬ್ಬದ್ದನ್ನೇ ಬರೆದಿದೀನಿ. ಅಂಥಾ ಹೊತ್ತಲ್ಲಿ ನೀನು ಚೀಲ ಹೊತ್ಕೊಂಡು ಬಂದು…

ಏನದು? ಏನು ಚೀಟಿ? ತೋರ್ಸು. …ನಾನು ಸಹಿ ಹಾಕ್ಬೇಕಾ? 'ಸದರಿ ಹೆಡ್‌ಫೋನು ದಿನವಿಡೀ ಕೇಳುವವರಿಗೆ ತಕ್ಕುದಲ್ಲ, ನನ್ನ ಸಲಹೆ ತಪ್ಪು.' ಭೇಷ್! ಭೇಷ್ ಅಕ್ಕಾ! ಇದನ್ನ ನಿಮ್ಮ ಮೇಡಂ ಬರೆದ್ರು, ನೀನು ಅಂಚೆಯವಳ ಥರ ತಂದುಕೊಟ್ಟೆ. ಒಡಹುಟ್ಟಿದೋಳು! ಅಂಗಡಿಯೋನು ಇದಿಲ್ಲದೆ ವಾಪಸ್ ತಗೊಳ್ಳಲ್ಲ ಅಂದ್ರೆ ತಗೊಳ್ಳದೇ ಇರ್ಲಿ. ನನ್ನ ಕೈ ಕಡಿದ್ರೂ ಸಹಿ ಹಾಕಲ್ಲ.

ಯಾಕೆ ಗೊತ್ತಾ? ಹೇಳ್ತೀನಿ. ನಾನು ಹಾಡು ಕೇಳಿ ಹೆಡ್‌ಫೋನು ಅಳೆಯೋನಲ್ಲ. ಅಪ್ಪ ಹೊಸ ಟೇಪ್ ರೆಕಾರ್ಡರ್ ತಂದ ದಿನದ ಕ್ಯಾಸೆಟ್ ಇದೆಯಲ್ಲ, 'ಒಂದು, ಎರಡು, ಮೂರು, ಕೇಳ್ತಿದೆಯಾ' ಅಂತ ಅಪ್ಪ ಕಿರುಚ್ತಾರೆ, ನೀನು ಕಿಸಕ್ ಅಂತ ನಗ್ತೀಯ, ಅದು. ಅದನ್ನ ಕಂಪ್ಯೂಟರಿಗೆ ಹಾಕ್ಕೊಂಡಿದೀನಿ. ಹದಿನಾಲ್ಕು ವರ್ಷದಿಂದ ಪ್ರತಿಯೊಂದು ಹೆಡ್‌ಫೋನನ್ನೂ ಅದರಲ್ಲೇ ನೋಡೋದು. ಅಪ್ಪನ ದನಿ ದಪ್ಪ, ಅದು ಎಂಥಾ ದರಿದ್ರ ಹೆಡ್‌ಫೋನಲ್ಲೂ ಬರುತ್ತೆ. ಪರೀಕ್ಷೆ ಇರೋದು ಅಮ್ಮನದು. ಅಮ್ಮ ಒಂದು ಮಾತೂ ಆಡಲ್ಲ ಅದರಲ್ಲಿ. ಹಿಂದುಗಡೆ ಓಡಾಡ್ತಾಳೆ, ಅಷ್ಟೇ. ಸೊಂಟದ ಬೀಗದಕೈ ಗೊಂಚಲು ಸಣ್ಣಗೆ ಝಣ್ ಅನ್ನುತ್ತಲ್ಲ… ನೆನಪಿದೆಯಾ? ಅಷ್ಟೇ ಅಮ್ಮ ಉಳಿದಿರೋದು ನಮಗೆ. ಬೇರೆ ಎಲ್ಲೂ ಅವಳ ಸದ್ದಿಲ್ಲ.

ಈ ಕರಿ ಡಬ್ಬದ್ದರಲ್ಲಿ ಅದು ಇಲ್ಲ! ನುಂಗಿಬಿಟ್ಟಿದೆ! ಹತ್ತು ಪಟ್ಟು ಬೆಲೆ ಕಿತ್ಕೊಂಡು ನಮ್ಮಮ್ಮನ್ನೇ ನುಂಗಿ ಕೂತಿದೆ, ಗಾಯಕನ ಉಸಿರು ಕೇಳಿಸುತ್ತಂತೆ! ಹಳದಿದ್ರಲ್ಲಿ ಕೇಳು, ಅಮ್ಮ ಬರ್ತಾಳೆ. ಕಿವಿ ಪಕ್ಕದಲ್ಲೇ ಹಾದುಹೋಗ್ತಾಳೆ. ಇನ್ನೇನು ಬೇಕು ಪುರಾವೆ?

ಹಾಗೆ ನೋಡ್ಬೇಡ. ನಂಬಿಕೆ ಇಲ್ವಾ? ಆಯ್ತು, ಪರೀಕ್ಷೆ ಮಾಡು. ತಗೋ ಈ ಟವಲ್ಲು, ನನ್ನ ಕಣ್ಣಿಗೆ ಕಟ್ಟು. ಬಿಗಿಯಾಗಿ ಕಟ್ಟು, ಆಮೇಲೆ ಸಂದೀಲಿ ನೋಡಿದ ಅನ್ನಬಾರದು. ಹಳದಿದೋ, ಅವರು ಕಳಿಸಿದ ಆ ಹೊಸ ಕರಿದೋ, ಎರಡರಲ್ಲಿ ಯಾವುದನ್ನ ಬೇಕಾದ್ರೂ ನನ್ನ ಕಿವಿಗೆ ಹಿಡಿ. ಪೂರ್ತಿ ತಲೆ ಮೇಲೆ ಬಿಡಬೇಡ, ಪಟ್ಟಿ ಎತ್ತಿ ಹಿಡ್ಕೋ, ಇಲ್ಲದಿದ್ರೆ ಕಬ್ಬಿಣದ ಭಾರಕ್ಕೇ ಗೊತ್ತಾಗಿಬಿಡುತ್ತೆ. ಅಂಥಾ ಮೋಸದ ಗೆಲುವು ನನಗೆ ಬೇಡ. ಹಾಂ, ಒತ್ತು ಆ ಬಟನ್ನು.

ಒಂದು… ಎರಡು… ಮೂರು… ನಿನ್ನ ನಗು… ಬಂತು! ಬಂದ್ಲು ಅಮ್ಮ! ಇದು ಹಳದಿ. ತಿರುಗಿಸಿ ಮುರುಗಿಸಿ ಕೇಳಿದ್ರೂ ಹಳದಿ! ಬದಲಾಯಿಸು.

ಅಪ್ಪ… ಹೂಂ… ಮೂರು… ನಗು… ಇಲ್ಲ. ಇಲ್ಲವೇ ಇಲ್ಲ. ಸತ್ತ ಮನೆ. ಇದು ಕರಿ ಡಬ್ಬದ್ದು. ಸರಿ ತಾನೇ? ಬಿಚ್ಚು ಟವಲ್ಲು. ನೋಡಿದ್ಯಾ! ನೋಡಿದ್ಯಾ ನಿನ್ನ ತಮ್ಮನ ಕಿವಿ! ಹೋಗಿ ಹೇಳು ನಿಮ್ಮ ಮೇಡಂಗೆ. ಕಣ್ಣಿಗೆ ಬಟ್ಟೆ ಕಟ್ಟಿದ್ರೂ ಎರಡಕ್ಕೆ ಎರಡೂ ಸರಿಯಾಗಿ ಹೇಳ್ದ ಅನ್ನು.

ಏನು, ನೀನೂ ಹಾಕ್ಕೊಳ್ತೀಯಾ ಕರಿದನ್ನ? ಹಾಕ್ಕೋ, ಧಾರಾಳವಾಗಿ ಹಾಕ್ಕೋ. ನಿನಗೂ ಗೊತ್ತಾಗ್ಲಿ. ಅಪ್ಪನ ದನಿ ಬಂತಾ? ಬೇಸು ತುಂಬಿ ತುಂಬಿ ಅಪ್ಪ ಹಂಡೆಯೊಳಗೆ ಕೂತು ಮಾತಾಡಿದ ಹಾಗಿಲ್ವಾ? ಅದೇ ಅವರ ಕಸುಬು, ಕೆಳಗಿನ ದನಿ ಉಬ್ಬಿಸೋದು, ಮೇಲಿನದನ್ನ… ಏನು? ಸುಮ್ಮನಿರು ಅಂತ ಕೈ ತೋರಿಸ್ತೀಯಾ? ಆಯ್ತಮ್ಮ, ಸುಮ್ಮನಿದೀನಿ.

…ಬೆರಳು ಯಾಕೆ ಎತ್ತಿದೆ?

ಸ್ಕ್ರೀನ್ ನೋಡ್ತಾನೇ ಇದೀನಿ, ಅಲ್ಲಿ ಏನೂ ಇಲ್ಲ ಅಕ್ಕಾ. ಅದು ಅಪ್ಪ ಉಸಿರು ತಗೊಳ್ಳೋ ಜಾಗ. …ಮತ್ತೆ ಎತ್ತಿದೆ. ತಮಾಷೆ ಮಾಡ್ತಿದ್ದೀಯಾ? ನನ್ನ ಹತ್ರ ಆಟ ಬೇಡ, ಹೇಳಿದೀನಿ. ಮೂರು… ನಾಲ್ಕು. ನಾಲ್ಕು ಸಲ ಎತ್ತಿದೆ. ಹಳದಿದ್ರಲ್ಲೇ ಎರಡು ಸಲ ಬರೋದು ಕಣೇ, ಎರಡೇ ಎರಡು ಸಲ! ಇದರಲ್ಲಿ ನಾಲ್ಕು ಹೇಗೆ…

ಕಣ್ಣಲ್ಲಿ ಯಾಕೆ ನೀರು?

ಅಮ್ಮನೇನಾ? ನಾಲ್ಕು ಸಲಾನೂ? ಹಾಗೆ ನನ್ನ ಮುಖ ನೋಡ್ಬೇಡ ಅಕ್ಕಾ. ರೋಗಿ ನೋಡಿದ ಹಾಗೆ ನೋಡ್ಬೇಡ. ಬೇಕಾದ್ರೆ ನಗು, ಬಯ್ಯಿ, ಆ ಕಬ್ಬಿಣ ತಗೊಂಡು ಹೊಡಿ. ನೋಡ್ಬೇಡ.

ಸಾಕು. ತೆಗಿ ಅದನ್ನ. ಕೆಳಗಿಡು.

ನಾಲ್ಕೇ ಇರೋದು. ನನಗೆ ಗೊತ್ತು. ಬಾಗಿಲ ಹತ್ರ ಒಂದು, ಬೀರು ತೆಗೆಯೋವಾಗ ಒಂದು, ಬಗ್ಗಿದಾಗ ಒಂದು, ಹೋಗೋವಾಗ ಒಂದು. ಹದಿಮೂರು ವರ್ಷ ಕೇಳಿದೀನಿ, ಮರೀತೀನಾ? ಹೋದ ವರ್ಷ ಮೊದಲು ಬಗ್ಗಿದ್ದು ಹೋಯ್ತು. ಹೆಡ್‌ಫೋನು ಕೆಟ್ಟಿದೆ ಅಂದ್ಕೊಂಡೆ. ಬೇರೆ ಹಾಕಿದೆ. ಅದರಲ್ಲೂ ಇಲ್ಲ. ಆಮೇಲೆ ಬಾಗಿಲದ್ದು. ಆಮೇಲೆ ಒಂದೂ ಇಲ್ಲ. ಮನೇಲಿರೋ ಅಷ್ಟೂ ಹೆಡ್‌ಫೋನು ಬಿಚ್ಚಿದೆ ಅಕ್ಕಾ, ಒಂದೊಂದೇ, ತಪ್ಪು ಅವುಗಳದ್ದು ಅಂತ. ಕೊನೆಗೆ ಡಾಕ್ಟರ ಹತ್ರ ಹೋದೆ. ಹಲ್ಲು ನೋವು ಅಂತ ಹೆಂಡತಿಗೆ ಸುಳ್ಳು ಹೇಳಿ ಹೋದೆ. ಗಾಜಿನ ಗೂಡಲ್ಲಿ ಕೂರಿಸಿ, ಸದ್ದು ಕೇಳಿದಾಗ ಬೆರಳು ಎತ್ತಿ ಅಂದ್ರು. ದಪ್ಪ ಸದ್ದಿಗೆಲ್ಲ ಎತ್ತಿದೆ, ಸಣ್ಣ ಸದ್ದುಗಳ ಹೊತ್ತಿಗೆ ಬೆರಳು ಮಡಿಲಲ್ಲೇ ಇತ್ತು. ಅವನ್ನ ಈಗ ಶುರು ಮಾಡ್ತಾರೆ ಅಂತ ಕಾಯ್ತಾ ಕೂತಿದೀನಿ, ಅವರು ಬಾಗಿಲು ತೆಗೆದು ಮುಗೀತು ಅಂದ್ರು.

ಎಂಟು ತಿಂಗಳಾಯ್ತು. ಯಾರಿಗೂ ಹೇಳಿಲ್ಲ. ಯಾರಿಗಂತ ಹೇಳ್ಲಿ? ಓದೋರಿಗೆ ಹೇಳ್ಲಾ, ನಿಮ್ಮ ಕಿವಿಮಾತಿನವನು ಕಿವುಡ ಅಂತ? ನನ್ನ ಹತ್ರ ಇನ್ನೇನಿದೆ ಅಕ್ಕಾ? ಓದಿಲ್ಲ, ಬೇರೆ ಕೆಲಸ ಬರಲ್ಲ, ಈ ಎರಡು ಕಿವಿ ಬಿಟ್ರೆ ನಾನು ಯಾರು? ಅಂಥಾ ಹೊತ್ತಲ್ಲಿ ಈ ಹಳದಿ ಡಬ್ಬದ್ದು ಬಂತು. ಹಾಕ್ಕೊಂಡೆ. ಝಣ್ ಅಂತು! ಅಮ್ಮ ವಾಪಸ್ ಬಂದ್ಲು! ಎರಡೇ ಸಲ, ಆದ್ರೂ ಬಂದ್ಲು. ಈ ಕುರ್ಚಿ ಮೇಲೆ ಕೂತು ಗಳಗಳ ಅತ್ತಿದೀನಿ. ಅಂಥದ್ದನ್ನ ವರ್ಷದ ಹೆಡ್‌ಫೋನು ಅನ್ನದೆ ಇನ್ನೇನನ್ನಲಿ?

ಏನು ಕೇಳಬೇಕು ಅಂತಿದ್ದೀಯೋ ಗೊತ್ತು. ನನಗೆ ಕೇಳಿಸಬೇಕಾದ್ರೆ ಅದು ಉಳಿದೋರ ಕಿವಿಗೆ ಎಷ್ಟು ಕಿರುಚಬೇಕು ಅಂತ ನಿನಗೆ ಗೊತ್ತಿರಲಿಲ್ವಾ ಅಂತ ತಾನೇ? ಗೊತ್ತಿತ್ತು. ನನ್ನ ಹೆಂಡತಿ ಒಂದು ನಿಮಿಷ ಹಾಕ್ಕೊಂಡು ಕಿತ್ತು ಎಸೆದ್ಲು. ನಿನಗೇನು ಗೊತ್ತೇ ಸಂಗೀತ ಅಂತ ಅವಳ ಮೇಲೆ ಹಾರಾಡ್ದೆ. ಎರಡು ದಿನ ಮಾತಾಡಿಲ್ಲ ಅವಳ ಹತ್ರ. ಆ ಕಂಪನಿಯೋರು ಕಬ್ಬಿಣ ಇಟ್ಟು ಮೋಸ ಮಾಡಿದ್ರು, ನಿಜ. ಆದ್ರೆ ಕಬ್ಬಿಣ ಯಾರ ಕಿವೀನೂ ಚುಚ್ಚಲಿಲ್ಲ.

ಕೊಡು ಆ ಚೀಟಿ. ಪೆನ್ನು ಎಲ್ಲಿ… ತಗೋ. ಸಹಿ ಆಯ್ತು. ನಲವತ್ತೂ ವಾಪಸ್ ಕೊಡು. ಪತ್ರಿಕೆಯೋರಿಗೆ ಈಗಲೇ ಫೋನ್ ಮಾಡಿ ಆ ಪುಟ ಕಿತ್ತುಹಾಕಿ ಅಂತೀನಿ. ಮುಗೀತಲ್ಲ?

ಅಲ್ಲ… ಒಂದು ಕೇಳ್ತೀನಿ. ಉಳಿದೋರೆಲ್ಲ ಚುಚ್ಚುತ್ತೆ ಅಂತ ತೆಗೆದಿಟ್ಟರು. ನೀನು? ನೀನೂ ತೆಗೆದಿಟ್ಟೆ ತಾನೇ? …ಅಕ್ಕಾ. ತಮ್ಮ ಹೇಳಿದ್ದು ಸುಳ್ಳಾಗಬಾರದು ಅಂತ ಎರಡು ತಿಂಗಳೂ ಅದನ್ನೇ ಹಾಕ್ಕೊಂಡು ಕೂತ್ಯಾ? ದಿನಾ ಎಂಟು ಗಂಟೆ? ಎಲ್ಲರೆದುರಿಗೂ 'ನನಗೇನೂ ಆಗಲ್ಲಪ್ಪ' ಅಂತ? ಯಾಕೆ ಹೀಗೆ ಮಾಡಿದೆ! ಬುದ್ಧಿ ಇಲ್ವಾ ನಿನಗೆ! ನನ್ನ ಮಾತು ಕಟ್ಕೊಂಡು…

ನೆಲ ನೋಡ್ಬೇಡ. ಇಲ್ಲಿ ನೋಡು. ತೆಗೆದ ಮೇಲೂ ಸದ್ದಿರುತ್ತಾ? ಸುತ್ತ ಎಲ್ಲ ಸುಮ್ಮನಿದ್ದಾಗ ಸಣ್ಣಗೆ ಕುಯ್ಯ್ ಅಂತ, ನಿಲ್ಲೋದೇ ಇಲ್ಲ ಅನ್ನೋ ಹಾಗೆ? ಇಲ್ಲ ಅನ್ನು. ದಮ್ಮಯ್ಯ, ಇಲ್ಲ ಅನ್ನು ಅಕ್ಕಾ.

…ಎಡಗಿವಿನಾ?

ನನಗೂ ಅಲ್ಲೇ ಶುರುವಾಗಿದ್ದು.